ಒಂಬೈನೂರ ಐವತ್ತರೊಳಗೆ

ಮಂಗಳವಾರ ಬೆಳಗ್ಗೆ ಕಬ್ಬಿನ ಲಾರಿ ತೂಗುವ ಕಾಟಾದ ಮೇಲೆ ನಮ್ಮ ಹೋರಿ ಹಯಾಸೆಯನ್ನು ನಿಲ್ಲಿಸಿದೆವು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಮೇಲೆ ಕೆಳಗೆ ಕುಣಿದು ಕೊನೆಗೆ ಸಾವಿರದ ಆರಕ್ಕೆ ಬಂದು ಕೂತವು. ನಮ್ಮ ಮಾವ ಟೊಕುಜಿ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕನ್ನಡಕ ಒರೆಸಿದರೆ ಹೋರಿ ಸಣ್ಣಗಾಗುತ್ತದೆಯೇ? ಸಾವಿರದ ಆರು ಸಾವಿರದ ಆರಾಗಿಯೇ ಇತ್ತು.

"ಐವತ್ತಾರು ಕಿಲೋ," ಎಂದರು. "ಶನಿವಾರ ಬೆಳಗ್ಗೆ ಹತ್ತರೊಳಗೆ ಇಳೀಬೇಕು."

"ಹ್ಯಾಗೆ ಇಳಿಸ್ತೀರಿ ಮಾವ?"

"ಹ್ಯಾಗೆ ಅಂದ್ರೆ? ಬಾಯಿ ಕಟ್ಟಿ."

ನಮ್ಮ ಟೊಕುನೊಶಿಮಾ ದ್ವೀಪದಲ್ಲಿ ಹೋರಿಗೆ ಹೋರಿ ಕೊಂಬು ಕೊಟ್ಟು ಕಾದುವ ಅಂಕಣಕ್ಕೆ ತೂಕದ ಲೆಕ್ಕವಿದೆ. ಒಂಬೈನೂರ ಐವತ್ತರೊಳಗಿದ್ದರೆ ನಡು ವರ್ಗ. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೂ ಮೇಲಿನ ವರ್ಗ. ಅಲ್ಲಿ ಈ ಸಲ ತೆಂಕಣ ಕೇರಿಯವರ ಸಾವಿರದ ನೂರು ಕಿಲೋದ ಹೋರಿ ಕಾಯುತ್ತಿತ್ತು. ಅದರ ಎದುರು ಹಯಾಸೆ ಐದು ನಿಮಿಷವೂ ನಿಲ್ಲಲಾರದು ಎಂದು ಮಾವನಿಗೆ ಗೊತ್ತು. ನಿಲ್ಲಲಾರದೆ ಬೆನ್ನು ತಿರುಗಿಸಿದರೆ ಏನಾಗುತ್ತದೆ ಎನ್ನುವುದು ನಮಗೆಲ್ಲರಿಗೂ ಗೊತ್ತು. ಬೆನ್ನು ತೋರಿಸಿದ ಹೋರಿಯನ್ನು ಇಲ್ಲಿ ಯಾರೂ ಸಾಕುವುದಿಲ್ಲ. ಮುಂದಿನ ವಾರದ ಹಡಗಿಗೆ ಹತ್ತಿಸುತ್ತಾರೆ. ಹಡಗು ಕಾಗೊಶಿಮಾಕ್ಕೆ ಹೋಗುತ್ತದೆ, ಹೋರಿ ಕಸಾಯಿಖಾನೆಗೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಮಾವ ಮೂರು ಹೋರಿ ಹತ್ತಿಸಿದ್ದಾರೆ. ಒಂದು ಸಲವೂ ಅತ್ತಿಲ್ಲ. ಬಂದರಿನಿಂದ ಬಂದವರೇ ಕೊಟ್ಟಿಗೆ ತೊಳೆದು, ಶುದ್ಧಿಗೆಂದು ಉಪ್ಪು ಚೆಲ್ಲಿ, ಊಟಕ್ಕೆ ಕೂರುತ್ತಿದ್ದರು.

ಹಯಾಸೆ ಮಾತ್ರ ಬೇರೆ. ಅದರ ಬಸುರಿ ತಾಯಿಯ ಹೊಟ್ಟೆಯೊಳಗೆ ಕೈ ಹಾಕಿ ನೋಡಿ, "ಗಬ್ಬ ನಿಂತಿದೆ ಮಾವ" ಎಂದು ಹೇಳಿದವಳು ನಾನೇ. ನಾನು ಕರು ಸಾಕುವವರ ಸಂಘದಲ್ಲಿ ಹಸುಗಳಿಗೆ ಕೃತಕ ಗರ್ಭ ಕಟ್ಟಿಸುವ ಕೆಲಸ ಮಾಡುತ್ತೇನೆ. ಮೂರು ವರ್ಷ ಕಾಲೇಜಿನಲ್ಲಿ ಓದಿದ್ದೂ ಅದೇ, ದನದ ಹೊಟ್ಟೆ ಮತ್ತು ಅದರ ರಕ್ತ.

"ಮಾವ, ಒಂದ್ಮಾತು. ಮೇವಿಲ್ಲದ ಹಸು ಬೆದೆಗೆ ಬರಲ್ಲ, ನೀವೇ ನೋಡಿದೀರಿ. ಹೋರಿಗೂ ಹಾಗೇನೆ. ಹಸಿವು ಅಂದ ತಕ್ಷಣ ಮೈ ಮೊದಲು ಮುಚ್ಚೋದು ಆ ನಲ್ಲೀನೇ. ಗಂಡಸುತನದ ರಸ ಬತ್ತಿದ್ರೆ ಅದಕ್ಕೆ ಕೋಪಾನೇ ಬರಲ್ಲ. ಕೋಪ ಬರದೇ ಇರೋ ಹೋರಿ ಕೊಂಬು ಹ್ಯಾಗೆ ಕೊಡತ್ತೆ?"

"ಹಸಿದ ಗಂಡಸಿಗೆ ಕೋಪ ಬರಲ್ವಾ? ಒಂದಿನ ನನಗೆ ಊಟ ತಡ ಮಾಡಿ ನೋಡು."

ನನ್ನ ಗಂಡ ಕೇಗೋ ಹಗ್ಗ ಹಿಡಿದು ನಿಂತಿದ್ದವನು ನಕ್ಕುಬಿಟ್ಟ. ಅಂಕಣದಲ್ಲಿ ಹೋರಿಯ ಪಕ್ಕ ನಿಂತು, ಕಾಲಿನಿಂದ ನೆಲ ಒದ್ದು "ಹೋಯ್ ಹೋಯ್" ಎಂದು ಹುರಿದುಂಬಿಸುವವನು ಅವನೇ. ಕೊಂಬಿಗೂ ಅವನ ಪಕ್ಕೆಲುಬಿಗೂ ನಡುವೆ ಇರುವುದು ಒಂದು ಮೊಳ ಗಾಳಿ.

ಅಂದಿನಿಂದ ಕೊಟ್ಟಿಗೆಯಲ್ಲಿ ಮೇವೋ ಮಾವನೋ, ಒಬ್ಬರೇ ಇರಬೇಕು ಎನ್ನುವಂತಾಯಿತು. ಮಾವ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಕಬ್ಬಿನ ಸೋಗೆಯ ಒಂದು ಎಳೆಯೂ ಒಳಗೆ ಹೋಗಲಿಲ್ಲ. ದಿನಕ್ಕೆ ಒಂದು ಬಕೆಟ್ ನೀರು, ಅಷ್ಟೇ.

ಮಂಗಳವಾರ ಸಂಜೆ ಹೋರಿ "ಹ್ಞಾಂ?" ಎಂದು ಕೇಳಿತು. ಮರೆತಿರಾ ಎನ್ನುವ ಧಾಟಿ. ಬುಧವಾರ "ಹ್ಞೂಂಽಽ, ಹ್ಞೂಂಽಽ" ಎಂದು ಇಡೀ ಕೇರಿಗೆ ಕೇಳುವಂತೆ ಬೈಯಿತು. ಪಕ್ಕದ ಮನೆಯ ಗೆಂಪಾಚಿ ಬೇಲಿಯಾಚೆಯಿಂದ ಅಂಕಣದ ಮೈಕಿನವನ ದನಿ ತೆಗೆದು, "ಪಡುವಣ ಬಾಗಿಲಿನಿಂದಾಽಽ, ಹಸಿದ ಹೊಟ್ಟೆಯಾಽಽ, ಹಯಾಽಽಸೆ!" ಎಂದು ಕೂಗಿದ.

ಮಾವ ಕೆಂಡವಾದರು. "ಬಾಯ್ಮುಚ್ಚೋ! ಕೇಳಿಸ್ಕೊಂಡ್ರೆ ಏನು ಗತಿ?"

ಊರಲ್ಲಿ ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಬಾಯಿ ಕಟ್ಟಿ ತೂಕ ಇಳಿಸಿದೆ ಎಂದು ಬಾಯಿ ಬಿಟ್ಟರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ. ಕೇಳಿದರೆ "ಬಿಸಿಲಿಗೆ ಇಳಿದಿದೆ" ಎನ್ನುತ್ತಾರೆ. ಚಳಿಗಾಲದಲ್ಲೂ ಹಾಗೆಯೇ ಎನ್ನುತ್ತಾರೆ.

ಗುರುವಾರ ಹೋರಿ ಏನೂ ಹೇಳಲಿಲ್ಲ.

ನನಗೆ ಭಯ ಹತ್ತಿದ್ದು ಆಗಲೇ. ಬೈಯುವ ದನದ ಹತ್ತಿರ ಹೋಗಬಹುದು, ಸುಮ್ಮನಾದ ದನದ ಹತ್ತಿರ ಹೋಗಲು ಕಾಲೇ ಬರುವುದಿಲ್ಲ. ಮಾವ ಕಾಫಿಗೆ ಎದ್ದ ಹೊತ್ತು ನೋಡಿ ಒಳಗೆ ಹೋದೆ. ಎಡ ಪಕ್ಕೆಯ ಮೇಲೆ ಕಿವಿಯಿಟ್ಟೆ. ಚೆನ್ನಾಗಿರುವ ದನದ ದೊಡ್ಡ ಹೊಟ್ಟೆ ದೂರದ ಗುಡುಗಿನಂತೆ ನಿಮಿಷಕ್ಕೊಮ್ಮೆಯಾದರೂ ಉರುಳುತ್ತದೆ. ಮೂರು ನಿಮಿಷ ಕಾದೆ. ಒಳಗೆ ಗುಡುಗೂ ಇಲ್ಲ, ಗಾಳಿಯೂ ಇಲ್ಲ. ಮೇವು ಹುಳಿಸಿ ಕೊಡುವ ಕಣ್ಣಿಗೆ ಕಾಣದ ಜೀವಿಗಳು ಆ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸಂಸಾರ ಮಾಡಿಕೊಂಡಿರುತ್ತವೆ. ಹೋರಿ ಉಪವಾಸವಿದ್ದರೆ ಮೊದಲು ಸಾಯುವುದು ಅವು. ಮೂತಿಗೆ ಮೂಗಿಟ್ಟೆ. ಹಣ್ಣಾಗಿ ಕೆಡುತ್ತಿರುವ ಪೇರಳೆಯಂಥ ಸಿಹಿ ವಾಸನೆ ಬಂತು. ಮೈ ತನ್ನ ಕೊಬ್ಬನ್ನೇ ಕರಗಿಸಿ ಉರಿಸುತ್ತಿರುವಾಗ ಬರುವ ವಾಸನೆ ಅದು. ಕೊಬ್ಬೆಲ್ಲ ಒಮ್ಮೆಗೇ ಕರಗಿ ಯಕೃತ್ತಿಗೆ ನುಗ್ಗುತ್ತದೆ, ಯಕೃತ್ತು ಹೊತ್ತು ತಾಳಲಾರದು. ಸಕ್ಕರೆಯನ್ನು ಹಿಡಿದಿಡುವ ಇನ್ಸುಲಿನ್ ಇಳಿಯುತ್ತದೆ, ಬೆದರಿದಾಗ ಉಕ್ಕುವ ರಸ ಏರುತ್ತದೆ. ಹೊರಗಿನಿಂದ ನೋಡಿದರೆ ಕಪ್ಪಗೆ ಮಿಂಚುವ ಅದೇ ಹೋರಿ. ಒಳಗೆ ಮಾತ್ರ ಬೆದರಿಕೆಯ ಮೇಲೆ ಓಡುತ್ತಿರುವ ಯಂತ್ರ.

ಸಂಜೆ ಕೇಗೋ ಮೈ ಉಜ್ಜಲು ಹೋದಾಗ ಹಯಾಸೆ ತಲೆ ತಿರುಗಿಸದೆಯೇ ಕೊಂಬು ಬೀಸಿತು. ಅಂಗಿಯ ತೋಳು ಹರಿಯಿತು. ಎಂಟು ವರ್ಷದಲ್ಲಿ ಮೊದಲ ಸಲ.

"ನೋಡಿದ್ಯಾ," ಮಾವ ಹೆಮ್ಮೆಯಿಂದ ಹೇಳಿದರು, "ಕೋಪ ಬರಲ್ಲ ಅಂದಳು ನಿನ್ನ ಹೆಂಡ್ತಿ!"

"ಅದು ಕೋಪ ಅಲ್ಲ ಮಾವ. ಹೆದರಿಕೆ."

"ಹೋರಿ ಹೆದರಿದ್ಯೋ ನೀನು ಹೆದರಿದ್ಯೋ?"

ಇಬ್ಬರೂ ಹೆದರಿದ್ದೆವು.

ಶನಿವಾರ ತೂಕದ ದಿನ, ಪಂದ್ಯ ಮರುದಿನ. ಒಂಬೈನೂರ ನಲವತ್ತೆಂಟು. ಮಾವ ಕಾಟಾದ ಮೇಲೆಯೇ ಎರಡು ಹೆಜ್ಜೆ ಕುಣಿದರು. "ಏನು ಟೊಕುಜಿ, ಬಿಸಿಲು ಜೋರಾ?" ಎಂದು ಎದುರಾಳಿ ಯಾಸುಮಾ ಕೇಳಿದ. ಅವನ ಹೋರಿ ತೆತ್ಸುಮಾರು ಒಂಬೈನೂರ ನಲವತ್ತೊಂಬತ್ತು. "ನಿನ್ನ ಕಡೆ ಇನ್ನೂ ಜೋರಿದ್ದ ಹಾಗಿದೆ," ಎಂದರು ಮಾವ. ಇಬ್ಬರೂ ಗಹಗಹಿಸಿ ನಕ್ಕರು. ಮೋಡ ಕವಿದಿತ್ತು.

ಮನೆಗೆ ಬರುವ ದಾರಿಯಲ್ಲಿ ನಾನು ವ್ಯಾನಿನ ಹಿಂಬದಿಯಿಂದ ಹೇಳುತ್ತಲೇ ಬಂದೆ. "ಮಾವ, ಈಗ ಒಣ ಹುಲ್ಲು ಮಾತ್ರ. ಹಿಡಿ ಹಿಡಿ. ಜವೆಗೋಧಿ ಬೇಡ, ಬೆಲ್ಲ ಬೇಡ. ಒಳಗೆ ಜೀರ್ಣ ಮಾಡೋ ಜೀವಿಗಳೇ ಸತ್ತಿವೆ. ಕಾಳು ಬಿದ್ರೆ ಹೊಟ್ಟೆ ಹುಳಿ ಗಡಿಗೆ ಆಗತ್ತೆ. ಆ ಹುಳಿ ರಕ್ತಕ್ಕೆ ಇಳಿದ್ರೆ ಹೋರಿ ಉಳಿಯಲ್ಲ."

"ಆಯ್ತಮ್ಮಾ ಆಯ್ತು."

"ಹಸಿದಾಗ ಸಾಯಲ್ಲ ಮಾವ, ಉಂಡಾಗ ಸಾಯತ್ತೆ."

"ಆಯ್ತು ಅಂದ್ನಲ್ಲ!"

ನನಗೆ ಮಾವನಿಗಿಂತ ಕೇರಿಯ ಹೆದರಿಕೆ. ತೂಕ ಮುಗಿದ ಹೋರಿಗೆ ಕೇರಿಯ ಪ್ರತಿ ಮನೆಯವರೂ "ಬಲದ ಬಕೆಟ್" ತರುವುದು ನಮ್ಮಲ್ಲಿ ರೂಢಿ. ಬೇಯಿಸಿದ ಜವೆ, ಕಪ್ಪು ಬೆಲ್ಲ, ಹಸಿ ಮೊಟ್ಟೆ, ಮೇಲೊಂದು ಲೋಟ ಬೆಲ್ಲದ ಸಾರಾಯಿ. ತರದಿದ್ದರೆ ನಾಳೆ ಹೋರಿ ಸೋತದ್ದು ಅವರಿಂದಲೇ ಎಂದಾಗುತ್ತದೆ. ಹನ್ನೊಂದು ಗಂಟೆಗೇ ಗೆಂಪಾಚಿ ಬಕೆಟ್ಟಿನೊಂದಿಗೆ ಹಾಜರು.

"ಸುಮಿಯೆ ಅತ್ತಿಗೆ, ದಾರಿ ಬಿಡಿ. ಇಪ್ಪತ್ತು ಮೊಟ್ಟೆ ಹಾಕಿದೀನಿ."

"ಇಲ್ಲೇ ಇಟ್ಟು ಹೋಗಪ್ಪ, ನಾನು ತಿನ್ನಿಸ್ತೀನಿ."

"ನಾನೇ ತಿನ್ನಿಸ್ಬೇಕು! ನನ್ನ ಕೈ ಗುಣ!"

"ನಿನ್ನ ಕೈ ಗುಣ ಹೋದ ಸಲ ನಿಮ್ಮ ಹೋರಿಗೇ ಯಾಕೆ ಆಗ್ಲಿಲ್ಲ?"

ಅವನು ಮುಖ ಊದಿಸಿಕೊಂಡು ಬಕೆಟ್ ಇಟ್ಟು ಹೋದ. ಹೀಗೆ ಹದಿಮೂರು ಬಕೆಟ್. ಎಲ್ಲವನ್ನೂ ನಗುತ್ತ ಇಸಿದುಕೊಂಡು ಹಿತ್ತಲ ಹಂದಿಗಳ ತೊಟ್ಟಿಗೆ ಸುರಿದೆ. ಹಂದಿಗಳು ನನ್ನನ್ನು ದೇವರಂತೆ ನೋಡಿದವು. ಹೋರಿಗೆ ಹಿಡಿ ಹಿಡಿ ಹುಲ್ಲು ಕೊಟ್ಟೆ. ಮೆಲ್ಲಗೆ ತಿಂದಿತು. ಎರಡು ಗಂಟೆಗೆ ಸಂಘದಿಂದ ಫೋನು, ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಹಾಕಿಕೊಂಡಿತ್ತು. ಕೇಗೋ ಅಂಕಣದ ಸಭೆಗೆ ಹೋಗಿದ್ದ. ಮಾವನ ಮುಖ ನೋಡಿದೆ. ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದರು. ಹೋದೆ.

ನಾಲ್ಕೂವರೆಗೆ ಬಂದಾಗ ಮಾವ ಅದೇ ಸ್ಟೂಲಿನ ಮೇಲಿದ್ದರು. ಆದರೆ ಕಾಲ ಬಳಿ ಒಂದು ಬಕೆಟ್. ತೊಳೆದಿಟ್ಟಂತೆ ಹೊಳೆಯುತ್ತಿತ್ತು. ನೆಕ್ಕಿದ ಹೊಳಪು.

"ಮಾವ."

"ಕಣ್ಣಿಟ್ಟು ನೋಡ್ತಿತ್ತು, ಸುಮಿಯೆ. ನಾಲ್ಕು ದಿನ ನಾನು ಬಾಗ್ಲಲ್ಲಿ ಕೂತಿದ್ದನ್ನ ನೋಡಿದೆ ಅದು. ಇವತ್ತೂ ಬರೀ ಹುಲ್ಲು ಅಂದ್ರೆ..." ಅವರ ದನಿ ಸಣ್ಣಗಾಯಿತು. "ಅದಕ್ಕೆ ನನ್ನ ಮೇಲೆ ಬೇಜಾರಾಗ್ಬಾರ್ದಲ್ಲ."

"ಜವೆ ಎಷ್ಟು?"

"ಎರಡು."

"ಎರಡು ಬಟ್ಟಲಾ?"

"ಬಕೆಟ್."

ನಾನು ಹದಿಮೂರು ಮನೆಯವರನ್ನು ತಡೆದಿದ್ದೆ, ಹದಿನಾಲ್ಕನೆಯದು ನನ್ನ ಮನೆಯೇ ಎಂದು ಹೊಳೆದಿರಲಿಲ್ಲ. ಅತ್ತೆ ಹತ್ಸು ಅಡುಗೆಮನೆಯಿಂದ ಬಂದು ಗಂಡನ ಮುಖ, ಬಕೆಟ್, ನನ್ನ ಮುಖ ಮೂರನ್ನೂ ನೋಡಿದರು.

ಆರು ಗಂಟೆಗೆ ಶುರುವಾಯಿತು. ಹೋರಿ ಹಿಂಗಾಲು ಹಿಂದಕ್ಕೆ ಚಾಚಿ, ಬೆನ್ನು ಬಾಗಿಸಿ ನಿಂತಿತು. ಹಲ್ಲು ಕಟಕಟ ಕಡಿಯಿತು. ಎಡ ಪಕ್ಕೆ ಉಬ್ಬಿತ್ತು, ಕೈಯಿಂದ ತಳ್ಳಿದರೆ ಒಳಗೆ ಕೊಡದ ನೀರು ತುಳುಕಿದಂತೆ ತುಳುಕಿತು. ಸಗಣಿ ತೆಳ್ಳಗೆ, ಬೂದು ಬಣ್ಣ, ಮೂಗಿಗೆ ಹೊಡೆಯುವ ಹುಳಿ. ಮಲಗಿದರೆ ಕಷ್ಟ. ಮಲಗಿದ್ದು ಮತ್ತೆ ಏಳುವುದಿಲ್ಲ.

ದನದ ಡಾಕ್ಟರು ಪಕ್ಕದ ದ್ವೀಪದಲ್ಲಿದ್ದರು. ದೋಣಿ ನಾಳೆ ಮಧ್ಯಾಹ್ನಕ್ಕೆ. ಫೋನಿನಲ್ಲೇ ಹೇಳಿದರು, ನನಗೆ ಗೊತ್ತಿದ್ದುದನ್ನೇ. ಮುಕ್ಕಾಲು ಕಿಲೋ ಅಡುಗೆ ಸೋಡಾ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಾಯಿಂದ ಹೊಟ್ಟೆಗೆ ರಬ್ಬರ್ ಕೊಳವೆ ಇಳಿಸಿ ಹಾಕಿದೆವು. ಕೇಗೋ ಮೂಗುಂಗುರ ಹಿಡಿದಿದ್ದ. ಮಾವ ಕೊಂಬು ಹಿಡಿದಿದ್ದರು. ಕೊಳವೆ ತಪ್ಪಿ ಶ್ವಾಸಕ್ಕೆ ಹೋದರೆ ಸೋಡಾವೇ ಕೊಲ್ಲುತ್ತದೆ. ಕೊಳವೆಯ ತುದಿ ಮೂಸಿ, ಹುಳಿ ವಾಸನೆ ಬಂದ ಮೇಲೆಯೇ ಸೋಡಾ ಸುರಿದೆ.

"ಹುಳಿ ಇಳಿಯತ್ತೆ," ಎಂದೆ. "ಆದ್ರೆ ಒಳಗೆ ಜೀರ್ಣ ಮಾಡೋರೇ ಇಲ್ಲ. ಬೇರೆ ಹಸುವಿನ ಹೊಟ್ಟೆಯ ರಸ ಬೇಕು."

"ಹೊಟ್ಟೆ ಯಾಕೆ?" ಅತ್ತೆ ಮೊದಲ ಸಲ ಮಾತಾಡಿದರು. "ಮೆಲುಕು ಸಾಲದಾ?"

ನಮ್ಮ ಮುದಿ ಹಸು ಪಕ್ಕದ ಕೊಟ್ಟಿಗೆಯಲ್ಲಿ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅತ್ತೆ ಮೆಲ್ಲಗೆ ಹೋಗಿ, ಅದರ ಕತ್ತು ಸವರುತ್ತ, ಉಂಡೆ ಗಂಟಲಿನಿಂದ ಮೇಲೇರಿ ಬಾಯಿಗೆ ಬಂದ ಕ್ಷಣಕ್ಕೆ ಸರಕ್ಕನೆ ಕೈ ಹಾಕಿ ಕಸಿದುಕೊಂಡರು. ಹಸು ಕಣ್ಣು ಬಿಟ್ಟು, ಖಾಲಿ ಬಾಯಿ ಆಡಿಸಿ, ಕಳ್ಳತನವಾಯಿತೆಂದು ಅರ್ಥವಾಗದೆ ನೋಡಿತು.

"ನಮ್ಮಜ್ಜಿ ಹೀಗೇ ಮಾಡ್ತಿದ್ಲು," ಎಂದರು ಅತ್ತೆ, ಕೈಯ ಹಸಿರು ಉಂಡೆಯನ್ನು ನೀರಿಗೆ ಹಾಕುತ್ತ. "ನಿಮ್ಮ ಕಾಲೇಜಲ್ಲಿ ಹೇಳ್ಕೊಟ್ಟಿಲ್ವೇನೇ?"

"ಪುಸ್ತಕದಲ್ಲಿದೆ ಅತ್ತೆ. ಯಾರೂ ಮಾಡಿದ್ದು ನೋಡಿಲ್ಲ."

"ಹೆಂಗಸಿನ ಎಂಜಲು ಕುಡಿದು ಬದುಕಿದ್ರೆ ನಿಮ್ಮ ಶೂರನಿಗೆ ಅವಮಾನ ಇಲ್ವಂತಾ ಕೇಳು ನಿಮ್ಮ ಮಾವನ್ನ."

ಮಾವ ಸೋಸುವ ಬಟ್ಟೆ ತಂದಿಟ್ಟರು. ಅತ್ತೆ ಒಂದೊಂದು ಉಂಡೆಗೂ ಹತ್ತು ಹದಿನೈದು ನಿಮಿಷ ಕಾದು ಒಂಬತ್ತು ಉಂಡೆ ಕಸಿದರು. ಕಿವುಚಿ, ಸೋಸಿ, ಕೊಳವೆಯಲ್ಲಿ ಇಳಿಸಿದೆವು. ಹೋರಿಯನ್ನು ಮಲಗಲು ಬಿಡದೆ ಅಂಗಳದಲ್ಲಿ ಸುತ್ತು ಹೊಡೆಸಿದೆವು. ಒಬ್ಬರು ಸುಸ್ತಾದರೆ ಇನ್ನೊಬ್ಬರು. ಮಾವ ಸುಸ್ತಾದರೂ ಹಗ್ಗ ಬಿಡಲಿಲ್ಲ.

ಬೆಳಕು ಹರಿದಾಗ ಹಯಾಸೆ ನಿಂತೇ ಇತ್ತು. ಕಣ್ಣು ಗುಳಿ ಬಿದ್ದಿತ್ತು. ಪಕ್ಕೆಯ ಉಬ್ಬು ಕೊಂಚ ಇಳಿದಿತ್ತು. ಇನ್ನೆರಡು ದಿನ ಕಳೆಯದೆ ಏನೂ ಹೇಳಲಾಗದು.

ಕೇಗೋ ಕೇಳಿದ: "ಹತ್ತಕ್ಕೆ ಪಂದ್ಯ. ಏನ್ಮಾಡೋದು?"

"ಬಾಗ್ಲೊಳಗೆ ನಿಲ್ಲಿಸಿದ್ರೆ ಸಾಕು," ಎಂದರು ಮಾವ ಗೊಗ್ಗರು ದನಿಯಲ್ಲಿ. "ಸುಮ್ನೆ ಒಂದ್ಸಲ ಕೊಂಬು ತಾಗಿಸಿ..."

"ಮಾವ, ವ್ಯಾನಿನಲ್ಲೇ ಕುಸಿದು ಬೀಳತ್ತೆ."

"ಹೋಗದಿದ್ರೆ ಮೈಕಲ್ಲಿ ಏನ್ ಕೂಗ್ತಾರೆ ಗೊತ್ತಾ? ಹಯಾಸೆ ಬೆನ್ನು ತೋರಿಸಿತು ಅಂತ! ಆಮೇಲೆ..."

ಆಮೇಲೆ ಹಡಗು. ಎಲ್ಲ ಮಾಡಿ ಉಳಿಸಿಕೊಂಡ ಹೋರಿಯನ್ನು ಬುಧವಾರ ಇವರೇ, ಇದೇ ಕೈಯಿಂದ, ಹಡಗಿಗೆ ಹತ್ತಿಸುತ್ತಾರೆ. ಹತ್ತಿಸಿ, ಬಂದು, ಕೊಟ್ಟಿಗೆ ತೊಳೆಯುತ್ತಾರೆ. ರೂಢಿ ಎಂದರೆ ಅವರಿಗೆ ರೂಢಿಯೇ.

ಒಂಬತ್ತೂವರೆಗೆ ಮಾವ ಒಬ್ಬರೇ ಹೊರಟರು. ಹತ್ಸು ಅತ್ತೆ ಹೋರಿಯ ಬಳಿ ಉಳಿದರು. ಕೇಗೋ ಮತ್ತು ನಾನು ವ್ಯಾನಿನಲ್ಲಿ ಹಿಂದೆ ಹೋದೆವು, ಏನು ಹೇಳುತ್ತಾರೋ ತಿಳಿಯದೆ. "ಕಾಲು ಉಳುಕಿದೆ" ಎನ್ನಬಹುದಿತ್ತು. ಅದನ್ನು ಯಾರೂ ನಂಬುವುದಿಲ್ಲ. ಕಾಲು ಉಳುಕಿದ ಹೋರಿಗಳೆಲ್ಲ ಹಡಗಿನಲ್ಲೇ ಹೋಗಿವೆ.

ಅಂಕಣದಲ್ಲಿ ತಮಟೆ, ತುತ್ತೂರಿ. ಮೂಡಣ ಬಾಗಿಲಲ್ಲಿ ತೆತ್ಸುಮಾರು ಬಂದು ನಿಂತಿತ್ತು. ಮೈಕಿನವನು ಕೂಗಿದ: "ಪಡುವಣ ಬಾಗಿಲಿನಿಂದಾಽಽ, ಹಯಾಽಽಸೆ!" ಜನ ತಿರುಗಿ ನೋಡಿದರು. ಬಾಗಿಲಿನಿಂದ ಬಂದದ್ದು ಮಾವ, ಕೈಯಲ್ಲಿ ಒಂದು ಹಿಡಿ ಉಪ್ಪು.

ಯಾರೋ "ಟೊಕುಜಿ ಕೊಂಬು ಎಲ್ಲೋ?" ಎಂದು ಕೂಗಿದರು. ನಗು ಎದ್ದಿತು. ಮಾವ ಅಂಕಣದ ನಡುವೆ ಉಪ್ಪು ಚೆಲ್ಲಿ, ಎದುರಾಳಿಗೆ ಬಾಗಿ, ನೇರ ಮೈಕಿನವನ ಬಳಿಗೆ ಹೋಗಿ ಕೈ ಚಾಚಿದರು. ಅವನು ಗಲಿಬಿಲಿಯಿಂದ ಮೈಕು ಕೊಟ್ಟ.

"ನನ್ನ ಹೋರಿ ಓಡಿ ಹೋಗಿಲ್ಲ," ಎಂದರು. ದನಿ ಇಡೀ ಅಂಕಣದಲ್ಲಿ ಗುಂಯ್‌ಗುಟ್ಟಿತು. ಅವರೇ ಬೆಚ್ಚಿ ಮೈಕನ್ನು ದೂರ ಹಿಡಿದರು. "ಕೊಟ್ಟಿಗೇಲಿದೆ. ಬದುಕತ್ತೋ ಇಲ್ವೋ ಗೊತ್ತಿಲ್ಲ. ತೂಕಕ್ಕೋಸ್ಕರ ನಾಲ್ಕು ದಿನ ಬಾಯಿ ಕಟ್ಟಿದ್ದೆ. ಆಮೇಲೆ ಪಾಪ ಅಂತ ಎರಡು ಬಕೆಟ್ ಜವೆ ಸುರಿದೆ. ಎರಡೂ ನಾನೇ ಮಾಡಿದ್ದು. ಬಿಸಿಲು ಗಿಸಿಲು ಏನಿಲ್ಲ." ಉಸಿರು ತೆಗೆದುಕೊಂಡರು. "ಬೆನ್ನು ತೋರಿಸಿದ್ದು ಯಾರು ಅಂತ ಬರೀಬೇಕಾದ್ರೆ, ಟೊಕುಜಿ ಅಂತ ಬರೀರಿ. ಹಯಾಸೆ ಅಂತ ಬರೀಬೇಡಿ."

ತಮಟೆ ನಿಂತುಹೋಯಿತು. ಸಾಲಿನಲ್ಲಿ ಕೂತ ಹೋರಿ ಮಾಲೀಕರು ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಪಂಚರಲ್ಲಿ ಹಿರಿಯನಾದವನು ಏನೋ ಬರೆದು, ಮೈಕಿನವನಿಗೆ ತೋರಿಸಿದ.

"ಹಯಾಸೆ ಕಣಕ್ಕಿಳಿದಿಲ್ಲ," ಎಂದು ಅವನು ರಾಗವಿಲ್ಲದೆ ಓದಿದ. "ಸೋಲಿಲ್ಲ, ಗೆಲುವಿಲ್ಲ. ಟೊಕುಜಿಗೆ ಒಂದು ವರ್ಷ ಪ್ರವೇಶವಿಲ್ಲ."

ಮಾವ ತಲೆಬಾಗಿಸಿ ಹೊರಬಂದರು. ಕಂಬಕ್ಕೆ ಒರಗಿದರು. ಅತ್ತೆಗೆ ಫೋನು ಮಾಡಿದೆ. "ನಿಂತಿದಾನೆ," ಎಂದರು. "ಹುಲ್ಲು ಮೂಸಿದ. ಇನ್ನೂ ತಿಂದಿಲ್ಲ."

"ಹಡಗಿಲ್ಲ ಅತ್ತೆ," ಎಂದೆ.

ಅತ್ತೆ, "ಆ ಮನುಷ್ಯನಿಗೆ ಏನಾದ್ರೂ ತಿನ್ನಿಸು. ನಿನ್ನೆಯಿಂದ ಏನೂ ತಿಂದಿಲ್ಲ," ಎಂದರು.

ನಾನು ಫೋನು ಜೇಬಿಗಿಡುವಷ್ಟರಲ್ಲಿ ಯಾಸುಮಾ ಅಂಕಣದ ಹಿಂದಿನಿಂದ ಸುತ್ತಿಕೊಂಡು ಬಂದ. ನಿನ್ನೆಯ ಗತ್ತು ನಡಿಗೆಯಲ್ಲಿರಲಿಲ್ಲ. ಮಾವನ ಕಡೆ ನೋಡದೆ ನನ್ನ ಹತ್ತಿರ ನಿಂತ.

"ಸಂಘದ ಸುಮಿಯೆ ಅಂದ್ರೆ ನೀನೇನಮ್ಮ?" ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ನಮ್ಮ ತೆತ್ಸು... ಹಿಂಗಾಲು ಚಾಚ್ಕೊಂಡು ನಿಂತಿದೆ. ಹಲ್ಲು ಕಡೀತಿದೆ."

"ಎಷ್ಟು ದಿನ ಬಾಯಿ ಕಟ್ಟಿದ್ರಿ?"

ಅವನು ಸುತ್ತ ನೋಡಿದ. "ಐದು."

"ಆಮೇಲೆ ಏನು ಕೊಟ್ರಿ?"

"ಅಕ್ಕಿ. ಬೇಯಿಸಿದ್ದು. ಬೆಲ್ಲ ಹಾಕಿ."

"ಎಷ್ಟು ಗಂಟೆಗೆ?"

"ನಿನ್ನೆ ರಾತ್ರಿ ಒಂದ್ಸಲ. ಇವತ್ತು ಬೆಳಗ್ಗೆ ಆರಕ್ಕೆ ಒಂದ್ಸಲ."

ಗಡಿಯಾರ ನೋಡಿದೆ. ಹತ್ತೂಕಾಲು. ಏನು ಮಾಡಬೇಕೆಂದು ನಾನು ಹೇಳುವ ಮೊದಲೇ ಮಾವ ಕಂಬ ಬಿಟ್ಟು, ಮನೆಯಿಂದ ಸೋಡಾ, ಕೊಳವೆ ತರಲು ವ್ಯಾನಿನತ್ತ ಓಡುತ್ತಿದ್ದರು, ಅರವತ್ತೊಂದರ ಮುದುಕ, ಚಪ್ಪಲಿ ಒಂದು ಕಡೆ ಕಾಲು ಒಂದು ಕಡೆ. "ಮಲಗಕ್ಕೆ ಬಿಡ್ಬೇಡ್ರೋ!" ಎಂದು ಹಿಂತಿರುಗಿ ಕೂಗಿದರು. "ಯಾಸುಮಾ, ನಿಂತು ನೋಡ್ತೀಯೇನೋ? ನಡೆಸು ಅದನ್ನ, ನಡೆಸು!"